ಪಡಸಾಲೆಯಲ್ಲಿ ಪೂಜೆಗೆ ಕೂತ ಗೇರ್‌ಬಾಕ್ಸು

ಈ ಸಲ ಆಯುಧಪೂಜೆಗೆ ನಿಮ್ಮ ಮನೆಯಲ್ಲಿ ಏನೇನು ಇಟ್ಟಿದ್ದಿರಿ? ಮಚ್ಚು, ಕುಡುಗೋಲು, ಈಳಿಗೆಮಣೆ, ಹೊಲಿಗೆ ಮೆಷಿನ್ನು, ಹೆಚ್ಚೆಂದರೆ ಒಂದು ಸೈಕಲ್ಲು. ನಾನು ಪ್ರತಿ ವರ್ಷ ನನ್ನ ಪೆನ್ನು ಇಡುತ್ತೇನೆ. (ಪೂಜೆ ಮಾಡಿಸಿಕೊಂಡ ಮೇಲೂ ಇದು ಬರೆಯುವುದು ಇಷ್ಟೇನಾ ಎಂದು ನೀವು ಗೊಣಗಿದ್ದು ಕೇಳಿಸಿತು.)

ಮೊನ್ನೆ ಹಬ್ಬದ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತಾ ಪಡಸಾಲೆಗೆ ಬಂದವನು ಅಲ್ಲೇ ನಿಂತುಬಿಟ್ಟೆ. ಗೋಡೆಯ ಉದ್ದಕ್ಕೂ ಮಣೆ. ಮಣೆಯ ಮೇಲೆ ಬಾಳೆಎಲೆ. ಎಲೆಯ ಮೇಲೆ ಒಂದು ಅಮೆರಿಕನ್ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸು, ಬಿಡಿಬಿಡಿಯಾಗಿ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದ ಒಂದೊಂದು ಭಾಗಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ದೊಡ್ಡ ಚಕ್ರ ಮೊದಲು, ಅದಕ್ಕಿಂತ ಚಿಕ್ಕದು ಆಮೇಲೆ, ಇನ್ನೂ ಚಿಕ್ಕದು ಅದರಾಚೆ, ಹಿತ್ತಾಳೆ ಪಾತ್ರೆ ಜೋಡಿಸುತ್ತಾರಲ್ಲ, ಹಾಗೆ. ಸಣ್ಣ ಸಣ್ಣ ಸ್ಪ್ರಿಂಗುಗಳೂ ಉಕ್ಕಿನ ಗುಂಡುಗಳೂ ಒಂದು ಬಟ್ಟಲಿನಲ್ಲಿ, ಕಡಲೆಪುರಿಯ ಪಕ್ಕದಲ್ಲಿ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೇಗಿದೆ ಎಂದು ಕೇಳಿದಳು. ನಾನು ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದೆ. ಒಳಗಿನ ಕೋಣೆಯಲ್ಲಿ ಅಕ್ಕ ಇನ್ನೂ ನಿದ್ದೆಯಲ್ಲಿದ್ದಳು. ಅವಳು ಎದ್ದು ಬಂದು ಇದನ್ನು ನೋಡಿದರೆ?

ಏಕೆ ಇಷ್ಟು ಗಾಬರಿ ಎನ್ನುತ್ತೀರಾ? ಹೇಳುತ್ತೇನೆ, ಸ್ವಲ್ಪ ಹಿಂದಕ್ಕೆ ಬನ್ನಿ.

ಈ ಅಂಕಣದ ಹಳೆಯ ಓದುಗರು ನಮ್ಮ ಸರೋಜಕ್ಕನನ್ನು ಬಲ್ಲರು. ಹೊಸಬರಿಗೆ ಪರಿಚಯ: ನನಗಿಂತ ದೊಡ್ಡವಳು, ಬಬ್ಬೂರಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿಹೋಗಿದೆ. ಕೋಲು ಹಿಡಿದು ನಡೆಯುತ್ತಾಳೆ. ಮದುವೆಯ ಮಾತು ತೆಗೆದುಕೊಂಡು ಬರುವವರಿಗೆ ಅದೇ ಕೋಲು ತೋರಿಸುತ್ತಾಳೆ.

ಹಿರಿಯೂರಿನಿಂದ ಬಬ್ಬೂರು ನಿಮಗೂ ನನಗೂ ಒಂದು ದೂರವೇ ಅಲ್ಲ. ಬಸ್ಸು ಹತ್ತಿ ಟಿಕೆಟ್ಟು ಹರಿಸಿಕೊಂಡು ಚಿಲ್ಲರೆ ಎಣಿಸುವಷ್ಟರಲ್ಲಿ ಬಂದೇಬಿಡುತ್ತದೆ. ಅಕ್ಕನಿಗೆ ಕಷ್ಟ ದೂರದ್ದಲ್ಲ, ಹತ್ತುವುದರದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಸ್ಸಿನಲ್ಲೇ ಹೋಗುತ್ತಿದ್ದಳು. ಕಂಡಕ್ಟರು ಕೆಳಗಿಳಿದು ಕಂಕುಳಿಗೆ ಕೈಹಾಕಿ ಎತ್ತಿ ಮೇಲಕ್ಕೆ ಹಾಕಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ. ಟೀಚರಮ್ಮನಿಗೆ ಕಾಲಿಲ್ಲ, ಜಾಗ ಬಿಡಿ ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಬಸ್ಸಿಗೆ ಬಸ್ಸೇ ತಿರುಗಿ ಅವಳ ಕಾಲು ನೋಡುತ್ತಿತ್ತು. ಅಕ್ಕ ಮನೆಗೆ ಬಂದು ಯಾರ ಜೊತೆಯೂ ಮಾತಾಡದೆ ಮಲಗಿಬಿಡುತ್ತಿದ್ದಳು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಕಾರು ಬಂತು.

ಒಬ್ಬ ಡ್ರೈವರನ ಮನೆಗೆ ಅಮೆರಿಕನ್ ಕಾರು ಬರುವುದೆಂದರೇನು? ನಮ್ಮಪ್ಪ ಹೊಸದುರ್ಗದ ಕಡೆ ಗಣಿ ನಡೆಸುತ್ತಿದ್ದ ಧಣಿಯೊಬ್ಬರ ಡ್ರೈವರಾಗಿದ್ದರು. ಗಣಿ ಮುಚ್ಚಿ ಧಣಿ ಬೊಂಬಾಯಿಗೆ ಹೊರಟಾಗ ಆ ಕಾರನ್ನು ಕೊಳ್ಳುವವರೇ ಸಿಗಲಿಲ್ಲ. ಅದು ಪೆಟ್ರೋಲು ಕುಡಿಯುವ ಪರಿ ಇಡೀ ಜಿಲ್ಲೆಗೆ ಗೊತ್ತಿತ್ತು. ಇಟ್ಟುಕೊಳ್ಳಯ್ಯ ಎಂದು ಅಪ್ಪನಿಗೇ ಬಿಟ್ಟುಹೋದರು. ಅದರ ಡಿಕ್ಕಿಯಲ್ಲಿ ನಮ್ಮ ಅಡುಗೆಮನೆ ಹಿಡಿಸುತ್ತದೆ, ಅಷ್ಟು ದೊಡ್ಡದು.

ಈಗ ಮುಖ್ಯವಾದ ಮಾತು. ಆ ಕಾರಿಗೆ ಕ್ಲಚ್ಚು ಇಲ್ಲ. ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಹೊರಡುವಾಗ ಒಮ್ಮೆ ಎಳೆದಿಟ್ಟರೆ ಮುಗಿಯಿತು, ಗೇರುಗಳನ್ನು ಅದು ತನ್ನಷ್ಟಕ್ಕೆ ತಾನೇ ಬದಲಾಯಿಸಿಕೊಳ್ಳುತ್ತದೆ. ಕೆಳಗಿರುವುದು ಎರಡೇ ಪೆಡಲು, ಒಂದು ಆಕ್ಸಿಲರೇಟರು, ಇನ್ನೊಂದು ಬ್ರೇಕು. ಎರಡಕ್ಕೂ ಬಲಗಾಲೇ ಸಾಕು. ಕಾರು ಮನೆಗೆ ಬಂದ ದಿನ ಅಪ್ಪ ಅಕ್ಕನನ್ನು ಹೊರಗೆ ಕರೆದು ಬಾಗಿಲು ತೆಗೆದು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಈ ಗಾಡಿಗೆ ಎಡಗಾಲಿನ ಕೆಲ್ಸಾನೇ ಇಲ್ಲ ಕಣವ್ವ. ಕುಂತ್ಕ."

ಅಕ್ಕ ಕುಂತಳು. ಇವತ್ತಿನವರೆಗೂ ಎದ್ದಿಲ್ಲ. (ಲೈಸೆನ್ಸು ಹೇಗೆ ಸಿಕ್ಕಿತು ಎಂದು ಕೇಳುತ್ತೀರಿ. ಪರೀಕ್ಷೆ ಮಾಡಲು ಕೂತ ಸಾಹೇಬರು ಗೇರು ತಾನೇ ಬೀಳುವುದನ್ನು ನೋಡಿ ಬೆರಗಾಗಿ, ಇನ್ನೊಂದು ರೌಂಡು ಹೋಗೋಣ ಎಂದರಂತೆ.) ಅಪ್ಪ ತೀರಿಕೊಂಡ ಮೇಲೂ ಕಾರು ನಿಲ್ಲಲಿಲ್ಲ. ಜೊತೆಗೆ ಇನ್ನಿಬ್ಬರು ಟೀಚರುಗಳು ಬರುತ್ತಾರೆ, ಪೆಟ್ರೋಲು ಹಂಚಿಕೊಳ್ಳುತ್ತಾರೆ. ಊರ ಹುಡುಗರು ಅದಕ್ಕೆ ಬಬ್ಬೂರು ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದಾರೆ.

ದಸರಾ ರಜೆಗೆ ಶಾಲೆ ಮುಚ್ಚಿದ ದಿನ ಎಕ್ಸ್‌ಪ್ರೆಸ್ಸು ದಾರಿಯಲ್ಲಿ ನಿಂತಿತು. ಎಂಜಿನ್ನು ಕೂಗುತ್ತದೆ, ಗಾಡಿ ಕದಲುವುದಿಲ್ಲ. ಕೊನೆಗೆ ಬಬ್ಬೂರಿನ ಒಂದು ಜೋಡಿ ಎತ್ತು ಆ ಅಮೆರಿಕನ್ ಕಾರನ್ನು ಎಳೆದುಕೊಂಡು ಹಿರಿಯೂರಿನ ಬೀದಿಯಲ್ಲಿ ಬಂದವು. ಅಕ್ಕ ಏನೂ ಆಗಿಲ್ಲವೆಂಬಂತೆ ಸ್ಟಿಯರಿಂಗು ಹಿಡಿದು ಕೂತಿದ್ದಳು. ನಾನು ನಾಚಿಕೆಯಿಂದ ಒಳಗೆ ಹೋದೆ.

ಚಿತ್ರದುರ್ಗದಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆವು. ಓಡಿಸಿ ನೋಡಿದ, ಎಣ್ಣೆ ಮೂಸಿ ನೋಡಿದ, ಒಳಗಿನ ಪ್ಲೇಟುಗಳು ಸವೆದು ಸುಟ್ಟಿವೆ ಎಂದ. ಆಮೇಲೆ ಕೈ ಒರೆಸಿಕೊಳ್ಳುತ್ತಾ, ಈ ಗೇರ್‌ಬಾಕ್ಸಿನ ತಂಟೆಯೇ ಬೇಡ, ಕಿತ್ತು ಗುಜರಿಗೆ ಹಾಕಿ, ಜೀಪಿನ ಗೇರ್‌ಬಾಕ್ಸು ಕೂರಿಸಿಕೊಡುತ್ತೇನೆ, ಎಲ್ಲರೂ ಹಾಗೇ ಮಾಡಿಸುತ್ತಿದ್ದಾರೆ ಎಂದ.

ಜೀಪಿನ ಗೇರ್‌ಬಾಕ್ಸು ಬಂದರೆ ಕ್ಲಚ್ಚು ಬರುತ್ತದೆ. ಕ್ಲಚ್ಚು ಬಂದರೆ ಮೂರನೇ ಪೆಡಲು. ಅದನ್ನು ತುಳಿಯಬೇಕಾದದ್ದು ಯಾವ ಕಾಲು? ಆದರೆ ಅವನ ತಪ್ಪೇನಿಲ್ಲ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು, ಕೋಲು ಬಾಗಿಲ ಹಿಂದಿತ್ತು. ಕಾರು ಓಡಿಸುವವನು ನಾನೇ ಎಂದುಕೊಂಡು ನನ್ನ ಮುಖ ನೋಡಿಕೊಂಡೇ ಮಾತಾಡುತ್ತಿದ್ದ. (ನನಗೆ ಸೈಕಲ್ಲೂ ನೆಟ್ಟಗೆ ಬರುವುದಿಲ್ಲ.)

"ಬ್ಯಾಡ್ರಿ," ಎಂದಳು ಅಕ್ಕ, "ಮನೇಲೇ ಬಿಚ್ತೀವಿ."

ಮೆಕ್ಯಾನಿಕ್ಕು ನನ್ನನ್ನು ನೋಡಿದ. ನಾನು ಮೆಕ್ಯಾನಿಕ್ಕನ್ನು ನೋಡಿದೆ. ಬೆಚ್ಚಿಬಿದ್ದದ್ದರಲ್ಲಿ ಇಬ್ಬರೂ ಸಮ. ಗಾಡಿಯ ಚಕ್ರ ಬಿಚ್ಚುವುದು ಬೇರೆ, ಗೇರ್‌ಬಾಕ್ಸು ಬಿಚ್ಚುವುದು ಬೇರೆ. ಅದರಲ್ಲೂ ಇದು ಕಂಡವರಿಂದೆಲ್ಲ ಕೈಮುಗಿಸಿಕೊಳ್ಳುವ ಗೇರ್‌ಬಾಕ್ಸು. ಅಕ್ಕನಿಗೆ ಧೈರ್ಯ ಬಂದದ್ದಾದರೂ ಎಲ್ಲಿಂದ? ಧಣಿಯ ಕಾಲದಲ್ಲಿ ಬೊಂಬಾಯಿಯಿಂದ ಮೆಕ್ಯಾನಿಕ್ಕು ಬಂದು ಅದನ್ನು ಒಮ್ಮೆ ಬಿಚ್ಚಿ ಜೋಡಿಸಿದ್ದನಂತೆ. ಅಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಅಕ್ಕ ಅಷ್ಟನ್ನೂ ನೋಡಿದ್ದಳು. ಆಗ ತರಿಸಿದ್ದ ಪ್ಲೇಟುಗಳಲ್ಲಿ ಒಂದು ಹೊಸ ಸೆಟ್ಟು ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದಿತ್ತು. ಕಾರಿನ ಜೊತೆ ಬಂದಿದ್ದ ಚಿತ್ರಗಳಿರುವ ದಪ್ಪ ಇಂಗ್ಲಿಷ್ ಪುಸ್ತಕವೂ ಇತ್ತು. ಇಷ್ಟೇ ಬಂಡವಾಳ. ಆ ಸೆಟ್ಟು ಹಾಳಾದರೆ ಇನ್ನೊಂದು ಸಿಗುವುದಿಲ್ಲ.

ಶಾಲೆ ತೆರೆಯುವ ದಿನಕ್ಕೆ ಕಾರು ಕದಲದಿದ್ದರೆ? ಮತ್ತೆ ಆ ಬಸ್ಸು, ಇಲ್ಲವೇ ರಾಜೀನಾಮೆ. ಬಸ್ಸಂತೂ ಹತ್ತುವುದಿಲ್ಲ ಎಂದು ಅಕ್ಕ ಮೊದಲ ದಿನವೇ ಹೇಳಿಬಿಟ್ಟಳು. ಅವಳು ಅಂಥ ಮಾತನ್ನು ಬೆದರಿಸಲು ಆಡುವವಳಲ್ಲ.

ಕಡಲೆಕಾಯಿ ಮಂಡಿಯ ಹಮಾಲರು ಬಂದು ಕಾರಿನ ಚಕ್ರಗಳ ಕೆಳಗೆ ಕಲ್ಲುಚಪ್ಪಡಿ ಕೊಟ್ಟು ಎತ್ತರಿಸಿದರು. ಅಕ್ಕ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ಕೆಳಗೆ ಸರಿದಳು. ನಾನು ಹೌಹಾರಿ, ನೀನು ಯಾಕೆ, ಹಮಾಲರಿಗೆ ಹೇಳೋಣ ಎಂದೆ. ಮಲಗಿಕೊಂಡರೆ ನನ್ನ ಎರಡೂ ಕಾಲು ಒಂದೇ ಕಣೋ, ಸ್ಪ್ಯಾನರು ಕೊಡು ಎಂದಳು. ಕೊಟ್ಟೆ. ಬೇರೆ ಅಳತೆಯದ್ದು. ಅದು ತಿರುಗಿ ಬಂತು. ಹೀಗೆ ನನ್ನ ಹಬ್ಬದ ರಜೆ ಕಳೆಯಿತು.

ಗೇರ್‌ಬಾಕ್ಸು ಕೆಳಗಿಳಿದು ಪಡಸಾಲೆಗೆ ಬಂತು. ಅಕ್ಕ ಅಪ್ಪನ ಹಳೆಯ ಪಂಚೆಗಳನ್ನು ಉದ್ದಕ್ಕೆ ಹಾಸಿ, ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಕ್ರಮದಲ್ಲೇ ಇಡುತ್ತಾ ಹೋದಳು. ಬಾಗಿಲಿನಿಂದ ದೇವರ ಗೂಡಿನವರೆಗೆ. ಜೋಡಿಸುವಾಗ ದೇವರ ಗೂಡಿನಿಂದ ಬಾಗಿಲಿಗೆ ಬರಬೇಕು, ಅದೇ ಲೆಕ್ಕ. ಹಲ್ಲಿನ ಚಕ್ರಗಳು, ಬಳೆಗಳು, ಬಿಲ್ಲೆಗಳು. ಕೊನೆಗೆ ಬಂದದ್ದು ಅಂಗೈಯಗಲದ, ಬೆಲ್ಲದಚ್ಚಿನಂಥ ಒಂದು ಲೋಹದ ತುಂಡು, ಒಳಗೆಲ್ಲ ಸಣ್ಣ ಸಣ್ಣ ಕಾಲುವೆ. ಗೇರು ಯಾವಾಗ ಬದಲಾಗಬೇಕು ಎಂದು ತೀರ್ಮಾನ ಮಾಡುವುದು ಇದರೊಳಗಿನ ಸ್ಪ್ರಿಂಗುಗಳು. ನೋಡಲು ಎಲ್ಲ ಒಂದೇ ತರಹ, ಉದ್ದ ಮತ್ತು ಬಿಗಿ ಮಾತ್ರ ಕೂದಲೆಳೆಯಷ್ಟು ಬೇರೆ ಬೇರೆ. ಇವನ್ನು ಕಲೆಸಿದರೆ ಕತೆ ಮುಗಿಯಿತು ಎಂದಳು ಅಕ್ಕ. ನಾನು ಅಂದಿನಿಂದ ಆ ಮೂಲೆಯ ಕಡೆ ಉಸಿರು ಕೂಡ ಬಿಡುತ್ತಿರಲಿಲ್ಲ.

ಅವ್ವ ದಿನವೂ ಅದರ ಸುತ್ತ ಹುಷಾರಾಗಿ ಕಸ ಗುಡಿಸುತ್ತಿದ್ದಳು. ಇದೆಲ್ಲ ಏನು ಎಂದು ಒಂದು ದಿನ ಕೇಳಿದಳು. ಅಕ್ಕ ತಲೆಯೆತ್ತದೆ, ನನ್ನ ಎಡಗಾಲು ಕಣವ್ವ ಎಂದಳು. ತಮಾಷೆಗೆ ಹೇಳಿದ್ದು. ಅವ್ವ ನಗಲಿಲ್ಲ.

ಈಗ ತಿಳಿಯಿತೇ, ಆಯುಧಪೂಜೆಯ ಬೆಳಿಗ್ಗೆ ನಾನು ಏಕೆ ಅಷ್ಟು ಗಾಬರಿಬಿದ್ದೆ ಎಂದು?

ಅವ್ವ ಬೆಳಕು ಹರಿಯುವ ಮುಂಚೆ ಎದ್ದು ಅಷ್ಟನ್ನೂ ಹಿತ್ತಲಿಗೆ ಹೊತ್ತು, ಹುಣಸೆಹಣ್ಣು ಬೂದಿ ಹಾಕಿ, ತಾಮ್ರದ ಬಿಂದಿಗೆ ತಿಕ್ಕುವ ಹಾಗೆ ತಿಕ್ಕಿದ್ದಾಳೆ. ಅಕ್ಕನ ಕ್ರಮವೆಲ್ಲ ಕಲ್ಲಿನ ಮೇಲೆ ನೀರಿನ ಜೊತೆ ಹೋಗಿದೆ. ಸ್ಪ್ರಿಂಗುಗಳು ಬಟ್ಟಲಿನಲ್ಲಿ ಒಂದರೊಳಗೊಂದು ಸಿಕ್ಕಿಕೊಂಡು ಕೂತಿವೆ. ಮೇಲೆ ಒಂದೊಂದು ಅಕ್ಷತೆ ಕಾಳು.

ಕೋಲಿನ ಸದ್ದಾಯಿತು. ಅಕ್ಕ ಬಂದಳು, ನೋಡಿದಳು. ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತಳು. ಈಗ ಮನೆ ಹಾರಿಹೋಗುತ್ತದೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ನಿನ್ನ ಕಾಲು ಹಂಗೆ ಕೊಳಕಾಗಿ ಬಿದ್ದಿತ್ತಲ್ಲವ್ವ," ಎಂದಳು ಅವ್ವ. "ಹಬ್ಬದ ದಿನ ಬಿಡಾಕೆ ಮನ್ಸು ಬರಲಿಲ್ಲ."

ಏನು ಹೇಳುತ್ತೀರಿ ಇದಕ್ಕೆ? ಬೈಯಲು ಬಾಯಿ ಬರುತ್ತದೆಯೇ? ಅಕ್ಕ ಎಲೆಗಳ ಮೇಲೆ ಕೊನೆಯವರೆಗೆ ಕಣ್ಣು ಹಾಯಿಸಿದಳು. ಆಮೇಲೆ ಹೊಸ ಪ್ಲೇಟುಗಳೆಲ್ಲಿ ಎಂದು ಕೇಳಿದಳು. ಜೋಡಿಸುವ ಮುಂಚೆ ಅವು ನೆನೆಯಬೇಕು ಎಂದು ಬೆಂಗಳೂರಿನಿಂದ ತರಿಸಿದ್ದ ಕೆಂಪು ಎಣ್ಣೆಯ ಬೋಗುಣಿಯಲ್ಲಿ ಮುಳುಗಿಸಿಟ್ಟಿದ್ದಳು. ಅವಕ್ಕೆ ನೀರು ಸೋಕಿದರೆ ಮೇಲಿನ ಪದರ ಎದ್ದುಬರುತ್ತದಂತೆ. ಅವ್ವ ಹೇಳಿದಳು, ಅವು ಎಣ್ಣೆಯಲ್ಲಿದ್ದವು, ಹಬ್ಬಕ್ಕೆ ನೀನೇ ಎಣ್ಣೆಸ್ನಾನಕ್ಕೆ ಬಿಟ್ಟಿದ್ದೀಯ ಅಂದುಕೊಂಡು ಮುಟ್ಟಲಿಲ್ಲ. ಅಕ್ಕ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

ನಾನು ಹತ್ತಿರದ ಚಕ್ರವೊಂದನ್ನು ಎತ್ತಿಕೊಳ್ಳಲು ಬಗ್ಗಿದೆ. ನೀರಿನ ಪಸೆಯಿದ್ದ ಉಕ್ಕಿನ ಅಂಚಿನಲ್ಲಿ ಆಗಲೇ ಕಿತ್ತಳೆ ಬಣ್ಣ ಏಳುತ್ತಿತ್ತು. ಅವ್ವ ಕೈ ಅಡ್ಡ ಹಿಡಿದಳು.

"ಪೂಜೆಗೆ ಕುಂತಿದ್ದನ್ನ ಮುಟ್ಟಂಗಿಲ್ಲ. ನಾಳೆ ಕದಲಿಸಿದ ಮ್ಯಾಲೆ ತಗಳ್ರಿ."

ಇದು ನಿಮ್ಮ ಮನೆಯಲ್ಲೂ ಇರುವ ಪದ್ಧತಿಯೇ. ಆಯುಧ ಇವತ್ತು ಕೂತರೆ ಏಳುವುದು ನಾಳೆ, ವಿಜಯದಶಮಿಯ ಪೂಜೆ ಆದ ಮೇಲೆ. ಒಂದು ಕುಡುಗೋಲು ಒಂದು ದಿನ ಕೂತರೆ ಏನೂ ಆಗುವುದಿಲ್ಲ. ಹುಣಸೆಹುಳಿ ಕುಡಿದ ಗೇರ್‌ಬಾಕ್ಸು ಒಂದು ದಿನ ಕೂತರೆ? ನಾಳೆ ಹೊತ್ತಿಗೆ ಅದು ತುಕ್ಕಿನ ಗುಡ್ಡೆ. ನಾನು ಅವ್ವನ ಜೊತೆ ವಾದಕ್ಕೆ ನಿಂತೆ. ವಿಜ್ಞಾನ, ಆಕ್ಸಿಜನ್ನು, ಏನೇನೋ ಹೇಳಿದೆ. ಅವ್ವ ನನ್ನನ್ನು ಕರುಣೆಯಿಂದ ನೋಡಿದಳು.

ಅಕ್ಕ ವಾದ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಅವ್ವ, ಕುಂತಲ್ಲೇ ಎಣ್ಣೆ ಎರೀಬಹುದಾ?"

ಅವ್ವ ಯೋಚಿಸಿದಳು. ಶನಿದೇವರಿಗೆ ಎರೆಯುತ್ತಾರೆ, ನಾಗರಕಲ್ಲಿಗೆ ಹಾಲೆರೆಯುತ್ತಾರೆ. ಇದಕ್ಕೆ ಎಣ್ಣೆ ಎರೆದರೆ ತಪ್ಪೇನು? ತಪ್ಪಿಲ್ಲ ಎಂದಳು. ತಪ್ಪಿಲ್ಲ ಎಂದವಳು ತಾನೇ ಉದ್ಧರಣೆ ಹಿಡಿದು ಕೂತಳು. ಅಕ್ಕ ತೋರಿಸಿದ ಹಾಗೆ ಒಂದೊಂದು ಚಕ್ರದ ಹಲ್ಲುಹಲ್ಲಿಗೂ ಕೆಂಪು ಎಣ್ಣೆ ಎರೆದಳು, ಬಟ್ಟಲಿನ ಸ್ಪ್ರಿಂಗುಗಳು ಮುಳುಗುವವರೆಗೆ ಹಾಕಿದಳು. ಯಾವುದನ್ನೂ ಕದಲಿಸಲಿಲ್ಲ. ವಿಭೂತಿ ಕರಗಿ ಬಾಳೆಎಲೆಯ ಮೇಲೆ ಹರಿಯಿತು. ಅರಿಸಿನ ಕುಂಕುಮಕ್ಕೆಂದು ಬಂದ ಪಕ್ಕದ ಮನೆಯಾಕೆ ಹೊಸ್ತಿಲಲ್ಲೇ ಬೆದರಿ ನಿಂತಳು. ಅವ್ವ ಅವಳನ್ನೂ ಕರೆದು ಮಂಗಳಾರತಿ ಕೊಟ್ಟಳು.

ತುಕ್ಕು ನಿಂತಿತು. ಆದರೆ ಕ್ರಮ? ಸ್ಪ್ರಿಂಗು? ಅದು ದೇವರಿಗೇ ಗೊತ್ತು.

ಮಾರನೆಯ ದಿನ ಅವ್ವ ಪೂಜೆ ಮಾಡಿ ಎಲ್ಲವನ್ನೂ ಕದಲಿಸಿದಳು. ನಾವು ಸೀಮೆಎಣ್ಣೆ ತಂದು ತೊಳೆಯಲು ಕೂತೆವು. ಆಗ ಬಾಗಿಲಲ್ಲಿ ಲಾರಿಯ ಹಾರನ್ನು. ತಾಳ್ಯದ ರುದ್ರಪ್ಪ ಮಾವ.

ರುದ್ರಪ್ಪ ಮಾವ ಅವ್ವನ ತಮ್ಮ. ಸ್ವಂತ ಲಾರಿ ಓಡಿಸುತ್ತಾರೆ. ಅಪ್ಪ ಹೋದ ಮೇಲೆ ನಮ್ಮ ಮನೆಯ ಹಿರಿಯರು ಅವರೇ. ಅಕ್ಕನ ಕಾರಿನ ಮುಂದಿನ ಸೀಟು ಅವರಿಗೆ ಮೀಸಲು. ಹಿರಿಯೂರಿಗೆ ಬಂದಾಗಲೆಲ್ಲ, ನಡಿಯವ್ವ ಮಾರಿಕಣಿವೆ ಡ್ಯಾಮಿಗೆ ಹೋಗಾಣ ಎಂದು ಏರಿ ಕೂರುತ್ತಾರೆ. ಅಕ್ಕನ ಡ್ರೈವಿಂಗು ನೋಡಿ, ನನ್ನ ಕ್ಲೀನರು ಇವಳ ಹತ್ತಿರ ಕಲಿಯಬೇಕು ಎಂದು ಹೊಗಳದ ದಿನವಿಲ್ಲ.

ಮಾವ ಬನ್ನಿ ಕೊಟ್ಟರು, ಬಂಗಾರದಂಗಿರಾಣ ಎಂದರು. ಆಮೇಲೆ ಲಾರಿಯಿಂದ ಗೋಣಿಯಲ್ಲಿ ಸುತ್ತಿದ್ದ ಏನನ್ನೋ ಇಳಿಸಿ ಹೊರಿಸಿಕೊಂಡು ಬಂದರು. ಹಬ್ಬದ ಉಡುಗೊರೆ, ಬಿಚ್ಚಿ ನೋಡು ಎಂದು ಅಕ್ಕನಿಗೆ ಹೇಳಿದರು. ನಾನೇ ಬಿಚ್ಚಿದೆ.

ಜೀಪಿನ ಗೇರ್‌ಬಾಕ್ಸು. ಬೆಳ್ಳಿ ಬಣ್ಣ ಬಳಿಸಿ, ಕುಂಕುಮ ಇಟ್ಟು, ದಾರಕ್ಕೆ ಒಂದು ನಿಂಬೆಹಣ್ಣು ಕಟ್ಟಿದ್ದರು.

ಮೆಕ್ಯಾನಿಕ್ಕು ಹೊರಗಿನವನು, ಅವನಿಗೆ ಗೊತ್ತಿರಲಿಲ್ಲ. ಆದರೆ ಇವರು? ಅಕ್ಕನನ್ನು ಮಗುವಾಗಿದ್ದಾಗ ಹೆಗಲ ಮೇಲೆ ಹೊತ್ತು ದುರ್ಗದ ಆಸ್ಪತ್ರೆಗೆ ತಿರುಗಿದವರು, ಅವಳಿಗೆ ಮೊದಲ ಕೋಲು ಕೆತ್ತಿಸಿಕೊಟ್ಟವರು ಇವರೇ. ಮಾವ ನನ್ನ ಮುಖ ನೋಡದೆ ಉತ್ಸಾಹದಿಂದ ಹೇಳುತ್ತಿದ್ದರು, ದುರ್ಗದ ಮೆಕ್ಯಾನಿಕ್ಕು ಸಿಕ್ಕಿದ್ದ, ವಿಷಯ ತಿಳಿಯಿತು, ಹಳೆಯದನ್ನು ಬಿಸಾಕಿ ಇದನ್ನು ಕೂರಿಸಿದರೆ ಗಾಡಿ ಇನ್ನೂ ಎಷ್ಟೋ ವರ್ಷ ಓಡುತ್ತದೆ.

"ಗಾಡಿ ಓಡ್ತೈತೆ ಮಾವ," ಎಂದಳು ಅಕ್ಕ. "ಓಡ್ಸೋರು ಯಾರು?"

"ನೀನೇ ಕಣವ್ವ. ಇನ್ಯಾರು?"

ಅಷ್ಟು ಸಲೀಸಾಗಿ ಬಂತು ಆ ಮಾತು. ಅಕ್ಕನ ಕೋಲು ಗೋಡೆಗೆ ಒರಗಿತ್ತು. ಮಾವ ಅದನ್ನು ನೋಡಿದರು. ಆಮೇಲೆ ತಮ್ಮ ಎಡಗಾಲನ್ನು ನೋಡಿಕೊಂಡರು, ದಿನವೆಲ್ಲ ಕ್ಲಚ್ಚು ತುಳಿಯುವ ಕಾಲು. ತಾವು ತಂದ ಗೇರ್‌ಬಾಕ್ಸಿನ ಮೇಲೆಯೇ ಕುಸಿದು ಕೂತರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಇಷ್ಟು ವರ್ಷ ಅವಳ ಪಕ್ಕದಲ್ಲೇ ಕೂತು ತಿರುಗಿದ್ದೀರಿ, ಒಂದು ದಿನವಾದರೂ ಅವಳ ಕಾಲಕೆಳಗೆ ಎಷ್ಟು ಪೆಡಲು ಇವೆ ಎಂದು ನೋಡಿದ್ದೀರಾ, ಸ್ವಂತ ಸೋದರಮಾವನಿಗೇ ನೆನಪಿಲ್ಲದಿದ್ದರೆ ಊರವರಿಗೆ ಇರುತ್ತದೆಯೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು.

ಅಕ್ಕ ನಗುತ್ತಿದ್ದಳು. ಸೀಮೆಎಣ್ಣೆಯ ಬಟ್ಟೆ ಕೈಯಲ್ಲಿ ಹಿಡಿದು, ನಿಜಕ್ಕೂ ಖುಷಿಯಿಂದ ನಗುತ್ತಿದ್ದಳು. ನಾನು ದಂಗಾಗಿ ಮಾತು ನಿಲ್ಲಿಸಿದೆ.

"ಲೇ ತಿಪ್ಪೇಶಿ, ಮರೆತ್ರು ಅಂತ ಯಾಕೋ ಬೈತೀಯ? ಬಸ್ಸಿನಾಗೆ ಹೋದ್ರೆ ನನ್ನ ಕಾಲು ಊರಿಗೆಲ್ಲ ನೆನಪಾಗ್ತೈತೆ. ಈ ಗಾಡಿಯಾಗೆ ಕುಂತ್ರೆ ಎತ್ತಿ ಆಡ್ಸಿದ ಮಾವನಿಗೂ ಮರ್ತೋಗ್ತೈತೆ. ನಂಗೆ ಇದು ಬೇಕಾಗಿರೋದೇ ಅದಕ್ಕೆ."

ನಾನು ಆ ಮಾತನ್ನು ಇನ್ನೂ ಜೀರ್ಣಿಸಿಕೊಳ್ಳುತ್ತಿದ್ದೇನೆ. ನಾವೆಲ್ಲ ನೆನಪಿಟ್ಟುಕೊಳ್ಳುವುದನ್ನೇ ಪ್ರೀತಿ ಎಂದುಕೊಂಡಿದ್ದೇವೆ. ಒಬ್ಬರ ಕಷ್ಟವನ್ನು ಮರೆತುಬಿಡುವುದೂ ಅವರಿಗೆ ಉಡುಗೊರೆಯಾಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಗೆಂದು ಮಾವ ತಂದ ಉಡುಗೊರೆ ಕೂರಿಸಲು ಬರುವಂತಿರಲಿಲ್ಲ. ಅದು ಈಗ ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇದೆ, ಅವ್ವ ಅದರ ಮೇಲೆ ಸೋಪಿನ ಡಬ್ಬಿ ಇಡುತ್ತಾಳೆ.

ಮಾವ ಶಾಲೆ ತೆರೆಯುವವರೆಗೆ ತಾಳ್ಯಕ್ಕೆ ವಾಪಸು ಹೋಗಲಿಲ್ಲ. ಲುಂಗಿ ಎತ್ತಿ ಕಟ್ಟಿ ಕೂತರು. ದೊಡ್ಡ ಚಕ್ರಗಳ ಜಾಗ ಪುಸ್ತಕದ ಚಿತ್ರ ನೋಡಿ ಸಿಕ್ಕಿತು. ಸ್ಪ್ರಿಂಗುಗಳದ್ದೇ ಗೋಳು. ಅಕ್ಕ ಶಾಲೆಯ ಸ್ಕೇಲಿನಲ್ಲಿ ಒಂದೊಂದರ ಉದ್ದ ಅಳೆದು, ಬೆರಳಲ್ಲಿ ಒತ್ತಿ ಬಿಗಿ ನೋಡಿ, ಒಂದೊಂದೇ ಗೂಡಿಗೆ ಸೇರಿಸಿದಳು. ಕೊನೆಗೆ ಎರಡು ಉಳಿದವು. ಉದ್ದವೂ ಒಂದೇ, ಬಿಗಿಯೂ ಒಂದೇ ಎಂಬಂತಿದ್ದವು. ಅವ್ವನನ್ನು ಕೇಳಿದೆವು. ಎಲ್ಲ ಒಂದೇ ಬಟ್ಟಲಿಗೆ ಹಾಕಿದೆನಪ್ಪ, ನನಗೇನು ಗೊತ್ತು ಎಂದಳು. ಅಕ್ಕ ಒಂದನ್ನು ಇಲ್ಲಿ, ಒಂದನ್ನು ಅಲ್ಲಿ ಹಾಕಿ ಮುಚ್ಚಿದಳು. ದೇವರ ಮೇಲೆ ಭಾರ ಹಾಕಿದಳು ಎನ್ನಿ. ಪೂಜೆಯಂತೂ ಆಗಿತ್ತಲ್ಲ.

ಶಾಲೆ ತೆರೆಯುವ ಹಿಂದಿನ ಸಂಜೆ ಗೇರ್‌ಬಾಕ್ಸು ಮೇಲೇರಿತು. ಮಾವನ ಲಾರಿಯ ಜಾಕು, ಮಂಡಿಯ ಹಮಾಲರ ಹೆಗಲು. ಅಕ್ಕ ಕೆಂಪು ಎಣ್ಣೆ ತುಂಬಿ ಸೀಟಿಗೆ ಹೋಗಿ ಕೂತಳು. ಅವ್ವ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಎಂಜಿನ್ನು ಸ್ಟಾರ್ಟಾಯಿತು. ಅಕ್ಕ ಕಡ್ಡಿ ಎಳೆದಳು.

ಗಾಡಿ ಕದಲಲಿಲ್ಲ.

ಅಕ್ಕ ಮತ್ತೆ ಕಡ್ಡಿ ಹಿಂದಕ್ಕೆ ತಂದು, ಸ್ವಲ್ಪ ಹೊತ್ತು ಎಂಜಿನ್ನು ಓಡಿಸಿ, ಇನ್ನಷ್ಟು ಎಣ್ಣೆ ಹಾಕು ಎಂದು ನನಗೆ ಹೇಳಿದಳು. ನಾನು ಹಾಕುವ ಅವಸರಕ್ಕೆ ಅರ್ಧ ಎಣ್ಣೆ ಪಂಚೆಯ ಮೇಲೆ ಚೆಲ್ಲಿತು. ಅವಳು ತುಟಿ ಕಚ್ಚಿ ಮುಂದೆ ನೋಡುತ್ತಿದ್ದಳು. ಅವಳು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮತ್ತೆ ಕಡ್ಡಿ ಎಳೆದಳು. ಒಳಗೆಲ್ಲೋ ಏನೋ ಕಚ್ಚಿಕೊಂಡ ಸದ್ದಾಯಿತು. ಗಾಡಿ ಒಮ್ಮೆ ಮುಂದಕ್ಕೆ ತೂಗಿತು. ನಿಂಬೆಹಣ್ಣು ಪಚಕ್ಕೆಂದಿತು.

ಮಾವ ಲಾರಿಗೆ ಒರಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಎಲ್ಲ ಸರಿಹೋಯಿತೇ ಎಂದರೆ, ಇಲ್ಲ. ಆ ಎರಡು ಸ್ಪ್ರಿಂಗು ಅದಲುಬದಲಾಗಿವೆ ಎಂದು ಕಾಣುತ್ತದೆ. ಬಸ್‌ಸ್ಟ್ಯಾಂಡು ದಾಟಿ ಗಾಡಿಗೆ ವೇಗ ಬರುವಾಗ ಗೇರು ತಡವಾಗಿ ಬೀಳುತ್ತದೆ. ಬಿದ್ದಾಗ ಒಂದು ಜರ್ಕು. ಒಳಗೆ ಕೂತ ಅಷ್ಟೂ ಜನರ ತಲೆ ಒಟ್ಟಿಗೆ ಮುಂದಕ್ಕೆ ಬಾಗುತ್ತದೆ. ಮತ್ತೆ ಬಿಚ್ಚಿ ಸರಿಮಾಡಬಹುದಲ್ಲ ಎಂದೆ. ಇರಲಿ ಬಿಡು, ಅವ್ವನ ಪೂಜೆಗೆ ಎಲ್ಲರೂ ತಲೆಬಾಗಲಿ ಎಂದಳು ಅಕ್ಕ.

ಶಾಲೆಯ ಮೊದಲ ದಿನ ಎಕ್ಸ್‌ಪ್ರೆಸ್ಸು ಹೊರಟಿತು. ಮುಂದಿನ ಸೀಟಿನಲ್ಲಿ ಮಾವ, ಹಿಂದೆ ಟೀಚರುಗಳು, ನಡುವೆ ಹಟ ಮಾಡಿ ಹತ್ತಿದ ಅವ್ವ. ನನಗೆ ಜಾಗವಿಲ್ಲ. ಬಬ್ಬೂರು ಸೇರುತ್ತದೋ ಇಲ್ಲವೋ ಎಂಬ ಆತಂಕ ತಡೆಯಲಾರದೆ ಹಿಂದಿನಿಂದ ಬಸ್ಸಿಗೆ ಹೋದೆ.

ನನ್ನ ಮುಂದೆ ಒಬ್ಬ ಮುದುಕಿ ಹತ್ತಬೇಕಿತ್ತು. ಮೆಟ್ಟಿಲು ಅವಳ ಮೊಣಕಾಲಿಗಿಂತ ಮೇಲಿತ್ತು. ಒಮ್ಮೆ ಕಾಲೆತ್ತಿದಳು, ಆಗಲಿಲ್ಲ. ಇನ್ನೊಮ್ಮೆ ಎತ್ತಿದಳು. ಕಂಡಕ್ಟರು ಇಳಿದು ಬಂದು ಕಂಕುಳಿಗೆ ಕೈಹಾಕಿದ, ಅಜ್ಜಿಗೆ ಜಾಗ ಬಿಡಿ ಎಂದು ಕೂಗಿದ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮುದುಕಿ ಸೆರಗಿನಲ್ಲಿ ಮುಖ ಮರೆಮಾಡಿಕೊಂಡು ಒಳಗೆ ಹೋದಳು. ನಾನು ಹುಟ್ಟಿದಾಗಿನಿಂದ ಹತ್ತಿಳಿದ ಆ ಮೆಟ್ಟಿಲನ್ನು ಮೊದಲ ಸಲ ನೋಡುತ್ತಾ ನಿಂತುಬಿಟ್ಟೆ. ಹಿಂದಿನವರು ಹತ್ತಯ್ಯ ಎಂದು ಬೈದರು.

ಕಾರು ಬಬ್ಬೂರು ಸೇರಿತ್ತು, ಚಿಂತೆಯಿಲ್ಲ. ನನ್ನ ತಲೆಯಲ್ಲಿ ಉಳಿದಿರುವುದು ಒಂದೇ ಪ್ರಶ್ನೆ: ಬಸ್ಸಿನ ಆ ಮೊದಲ ಮೆಟ್ಟಿಲನ್ನು ಯಾರ ಕಾಲಿನ ಅಳತೆ ತೆಗೆದು ಇಟ್ಟಿದ್ದಾರೆ?